ಪೊಲೀಸರ ಬಳಿ ಇರುವ ನಿಮ್ಮ ಡಿಎನ್‌ಎ: ಸ್ಯಾಂಪಲ್ ಕೊಡುವ ದಿನದಿಂದ ದಾಖಲೆ ಅಳಿಸುವವರೆಗೆ ಏನೇನು ಮಾಡಬೇಕು

ಕೇಸ್ ಮುಗಿಯಿತು, ಕೋರ್ಟ್ ಖುಲಾಸೆ ಮಾಡಿತು, ಜಾಮೀನು ಕೊಟ್ಟವರೂ ನಿಟ್ಟುಸಿರು ಬಿಟ್ಟರು. ಬಂಧನವಾದಾಗ ತೆಗೆದುಕೊಂಡ ಬೆರಳಚ್ಚು, ಫೋಟೊ, ರಕ್ತ ಎಲ್ಲಿ ಹೋಯಿತು ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಎಷ್ಟೋ ಸಲ ವಕೀಲರೂ ಕೇಳುವುದಿಲ್ಲ. ಅವರ ಫೈಲು ತೀರ್ಪಿನ ದಿನವೇ ಮುಚ್ಚಿರುತ್ತದೆ.

ಭಾರತದಲ್ಲಿ ಈ ದಾಖಲೆಗಳನ್ನು 75 ವರ್ಷ ಇಟ್ಟುಕೊಳ್ಳಲು ಕಾನೂನಿದೆ. 20ನೇ ವಯಸ್ಸಿನಲ್ಲಿ ಕೊಟ್ಟರೆ 95ರವರೆಗೆ. ಖುಲಾಸೆಯಾದವರ ದಾಖಲೆಯನ್ನು ನಾಶ ಮಾಡಬೇಕು ಅಂತಲೂ ಅದೇ ಕಾನೂನು ಹೇಳುತ್ತದೆ. ಆದರೆ ಅದು ತಾನಾಗಿಯೇ ಆಗುತ್ತದೆ ಅಂತ ಕಾದು ಕೂರಬೇಡಿ. ನಿಯಮಗಳಲ್ಲಿ ಇರುವುದು ಕೋರಿಕೆ ಸಲ್ಲಿಸುವ ದಾರಿ. ಕೇಳಬೇಕಾದವರು ನೀವೇ, ಅದೂ ಬರವಣಿಗೆಯಲ್ಲಿ, ಸರಿಯಾದ ಕಾಗದಗಳ ಜೊತೆ. ಆ ಕಾಗದಗಳ ತಯಾರಿ ಠಾಣೆಯಲ್ಲಿ ಕೂತ ಮೊದಲ ದಿನವೇ ಶುರುವಾಗುತ್ತದೆ.

ಇದು ವಕೀಲರ ಸಲಹೆಗೆ ಬದಲಿ ಆಗಲಾರದು. ವಕೀಲರ ಹತ್ತಿರ ಹೋದಾಗ ಯಾವ ಪ್ರಶ್ನೆ ಕೇಳಬೇಕು ಅಂತ ಗೊತ್ತಿರಲಿ ಅನ್ನುವುದು ಉದ್ದೇಶ.

ಸ್ಯಾಂಪಲ್, ಪ್ರೊಫೈಲ್, ವರದಿ: ಮೂರೂ ಬೇರೆ ಬೇರೆ

"ನನ್ನ ಡಿಎನ್‌ಎ ಅಳಿಸಿ" ಅಂತ ಸುಮ್ನೆ ಬರೆದರೆ ಅರ್ಜಿ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಸ್ಯಾಂಪಲ್ ಅಂದರೆ ಕೆನ್ನೆಯ ಒಳಗೆ ಹತ್ತಿ ಕಡ್ಡಿ ಆಡಿಸಿ ತೆಗೆದದ್ದು, ರಕ್ತದ ಹನಿ, ಕೂದಲಿನ ಬುಡ. ಕೈಗೆ ಸಿಗುವ ವಸ್ತು. ನಿಮ್ಮ ಇಡೀ ಡಿಎನ್‌ಎ ಅದರಲ್ಲಿದೆ. ಯಾವ ಕಾಯಿಲೆ ಬರುವ ಸಾಧ್ಯತೆ, ಯಾರು ಯಾರ ಮಗು, ಪೂರ್ವಿಕರು ಎಲ್ಲಿಯವರು, ಎಲ್ಲವನ್ನೂ ಅದರಿಂದ ತೆಗೆಯಬಹುದು. ಇವತ್ತು ತೆಗೆಯಲಾಗದ್ದನ್ನು ಹತ್ತು ವರ್ಷ ಬಿಟ್ಟು ತೆಗೆಯಬಹುದು.

ಪ್ರೊಫೈಲ್ ಅಂದರೆ ಆ ಸ್ಯಾಂಪಲ್‌ನಿಂದ ಲ್ಯಾಬ್ ತಯಾರಿಸಿದ ಅಂಕಿಗಳ ಪಟ್ಟಿ. ಡಿಎನ್‌ಎಯ ಸುಮಾರು 20 ಜಾಗಗಳನ್ನು ಆರಿಸಿಕೊಂಡು, ಒಂದೊಂದು ಜಾಗದಲ್ಲಿ ಒಂದು ಚಿಕ್ಕ ತುಣುಕು ಎಷ್ಟು ಸಲ ಮರುಕಳಿಸಿದೆ ಅಂತ ಎಣಿಸುತ್ತಾರೆ. ಈ ಅಂಕಿಗಳಿಂದ ರೋಗದ ವಿಷಯ ಅಷ್ಟಾಗಿ ಗೊತ್ತಾಗದು. ರಕ್ತ ಸಂಬಂಧ ಮಾತ್ರ ಗೊತ್ತಾಗುತ್ತದೆ. ನಿಮ್ಮ ಅಂಕಿಗಳು ಅರ್ಧಂಬರ್ಧ ಹೊಂದಿಕೆಯಾದರೆ ಅನುಮಾನ ನಿಮ್ಮ ತಮ್ಮನ ಮೇಲೋ ಅಪ್ಪನ ಮೇಲೋ ತಿರುಗಬಹುದು. ಅಂದರೆ ನೀವು ಕೊಟ್ಟ ಸ್ಯಾಂಪಲ್ ನಿಮ್ಮೊಬ್ಬರದ್ದೇ ಅಲ್ಲ, ಮನೆಯವರೆಲ್ಲರದ್ದೂ ಸ್ವಲ್ಪ ಸ್ವಲ್ಪ ಇದೆ.

ವರದಿ ಅಂದರೆ ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ಕೋರ್ಟಿಗೆ ಕೊಡುವ ಅಭಿಪ್ರಾಯ. ಅದು ಕೋರ್ಟಿನ ಕಡತ ಸೇರುತ್ತದೆ. ಅದನ್ನು ಅಳಿಸಿಸುವ ಆಸೆ ಬಿಡಿ. ನಿಮ್ಮ ಹೋರಾಟ ಮೊದಲ ಎರಡಕ್ಕೆ.

ಬ್ರಿಟನ್ನಿನಲ್ಲಿ ಈ ಭೇದ ಕಾನೂನಿನಲ್ಲೇ ಇದೆ. ಪ್ರೊಫೈಲ್ ತಯಾರಾದ ಮೇಲೆ, ಹೆಚ್ಚೆಂದರೆ 6 ತಿಂಗಳೊಳಗೆ, ಸ್ಯಾಂಪಲ್ ನಾಶ ಮಾಡಬೇಕು ಅನ್ನುವುದು ಅಲ್ಲಿನ ಸಾಮಾನ್ಯ ನಿಯಮ. ನಮ್ಮ ಕಾಯ್ದೆ "ಅಳತೆಗಳ ದಾಖಲೆ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತದೆ. ಲ್ಯಾಬಿನ ಫ್ರಿಜ್‌ನಲ್ಲಿರುವ ಟ್ಯೂಬ್ ಅದರಲ್ಲಿ ಸೇರುತ್ತದೋ ಇಲ್ಲವೋ ಎಂಬ ವಾದಕ್ಕೆ ಆಸ್ಪದ ಕೊಡದಿರಲು, ಅರ್ಜಿಯಲ್ಲಿ ಎರಡನ್ನೂ ಹೆಸರಿಟ್ಟು ಬರೆಯಿರಿ.

ಯಾವ ಕಾನೂನಿನ ಅಡಿ ಕೇಳುತ್ತಿದ್ದಾರೆ?

1920ರ ಕೈದಿಗಳ ಗುರುತಿಸುವಿಕೆ ಕಾಯ್ದೆ ಇದ್ದಾಗ ಬೆರಳಚ್ಚು, ಹೆಜ್ಜೆಗುರುತು, ಫೋಟೊ ಇಷ್ಟೇ ಇತ್ತು. ಅದರ ಜಾಗಕ್ಕೆ ಬಂದದ್ದು ಕ್ರಿಮಿನಲ್ ಪ್ರೊಸೀಜರ್ ಐಡೆಂಟಿಫಿಕೇಶನ್ ಕಾಯ್ದೆ, 2022. ಇಲ್ಲಿ ಸುಲಭಕ್ಕೆ 2022ರ ಕಾಯ್ದೆ ಅನ್ನೋಣ. ಅದು ಜಾರಿಗೆ ಬಂದದ್ದು 2022ರ ಆಗಸ್ಟ್ 4ರಂದು, ನಿಯಮಗಳು ಬಂದದ್ದು ಅದೇ ಸೆಪ್ಟೆಂಬರ್‌ನಲ್ಲಿ. ಈ ಕಾಯ್ದೆಯ "ಅಳತೆ" ಅನ್ನುವ ಪದದೊಳಗೆ ಅಂಗೈ ಗುರುತು, ಕಣ್ಣಿನ ಐರಿಸ್ ಮತ್ತು ರೆಟಿನಾ ಸ್ಕ್ಯಾನ್, ಸಹಿ, ಕೈಬರಹ, ಜೈವಿಕ ಸ್ಯಾಂಪಲ್ ಮತ್ತು ಅದರ ವಿಶ್ಲೇಷಣೆ ಎಲ್ಲವೂ ಸೇರಿವೆ. ಡಿಎನ್‌ಎ ಒಳಗೆ ಬರುವುದು ಈ ಬಾಗಿಲಿನಿಂದ.

ಎರಡನೇ ಬಾಗಿಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್. ಅದರ ಸೆಕ್ಷನ್ 51ರ ಅಡಿ, ಪರೀಕ್ಷೆಯಿಂದ ಸಾಕ್ಷ್ಯ ಸಿಗುತ್ತದೆ ಅಂತ ನಂಬಲು ಸಕಾರಣವಿದ್ದರೆ, ಪೊಲೀಸರ ಕೋರಿಕೆ ಮೇಲೆ ವೈದ್ಯರು ಬಂಧಿತರನ್ನು ಪರೀಕ್ಷಿಸಬಹುದು. ರಕ್ತ, ಕೂದಲು, ಉಗುರು, ಡಿಎನ್‌ಎ ಪ್ರೊಫೈಲಿಂಗ್ ಎಲ್ಲವೂ ಅದರಲ್ಲಿ ಬರುತ್ತವೆ. ಅತ್ಯಾಚಾರದ ಆರೋಪಿಗಳಿಗೆ ಸೆಕ್ಷನ್ 52 ಇದೆ.

ಮೂರನೆಯದು ಮ್ಯಾಜಿಸ್ಟ್ರೇಟ್ ಆದೇಶ. 2022ರ ಕಾಯ್ದೆಯ ಸೆಕ್ಷನ್ 5 "ಯಾವುದೇ ವ್ಯಕ್ತಿ" ಅನ್ನುತ್ತದೆ. ಆರೋಪಿಯೇ ಆಗಿರಬೇಕಿಲ್ಲ.

ಡಿಎನ್‌ಎಗಾಗಿಯೇ ಪ್ರತ್ಯೇಕ ಕಾನೂನು ತರುವ ಮಸೂದೆಯೊಂದು 2019ರಲ್ಲಿ ಲೋಕಸಭೆಗೆ ಬಂದಿತ್ತು. 2023ರ ಜುಲೈನಲ್ಲಿ ಸರ್ಕಾರ ಅದನ್ನು ವಾಪಸ್ ಪಡೆಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಕೈ ಹಿಡಿಯುತ್ತದೆ ಅಂದುಕೊಂಡರೆ, ಅಪರಾಧ ತನಿಖೆಯ ಕೆಲಸಕ್ಕೆ ಅದರಲ್ಲಿ ದೊಡ್ಡ ವಿನಾಯಿತಿ ಇದೆ. ಹಾಗಾಗಿ ನಮ್ಮ ಕೈಯಲ್ಲಿರುವುದು 2022ರ ಕಾಯ್ದೆಯ ಒಂದೆರಡು ಸಾಲು, ಸಂವಿಧಾನ ಮತ್ತು ಕೆಲವು ತೀರ್ಪುಗಳು. ಜಾಸ್ತಿ ಏನಿಲ್ಲ, ಆದರೆ ಬಳಸಲು ಬಂದರೆ ಸಾಕಷ್ಟಿದೆ.

ಹಂತ 1: ನೀವು ಯಾವ ಪಟ್ಟಿಯಲ್ಲಿದ್ದೀರಿ ಅಂತ ನೋಡಿ

2022ರ ಕಾಯ್ದೆಯ ಸೆಕ್ಷನ್ 3ರಲ್ಲಿರುವುದು ಮೂರೇ ಗುಂಪು. ಶಿಕ್ಷೆಯಾದವರು ಮೊದಲನೆಯದು. ಶಾಂತಿ ಕಾಪಾಡುತ್ತೇನೆ, ಸನ್ನಡತೆಯಿಂದ ಇರುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಲು ಆದೇಶವಾದವರು ಎರಡನೆಯದು. ಅಪರಾಧಕ್ಕಾಗಿ ಬಂಧಿತರಾದವರು ಅಥವಾ ಮುಂಜಾಗ್ರತಾ ಬಂಧನ ಕಾನೂನಿನ ಅಡಿ ಒಳಗಿರುವವರು ಮೂರನೆಯದು.

ಈ ಪಟ್ಟಿಯಲ್ಲಿ ಯಾರು ಇಲ್ಲ ಅನ್ನುವುದನ್ನು ಗಮನಿಸಿ. ವಿಚಾರಣೆಗೆ ಕರೆಸಿದವರು ಇಲ್ಲ. ನೋಟಿಸ್ ಪಡೆದು ಠಾಣೆಗೆ ಬಂದು ಹೋಗುತ್ತಿರುವ, ಇನ್ನೂ ಬಂಧನವಾಗದ ಆರೋಪಿ ಇಲ್ಲ. ಸಾಕ್ಷಿಗಳು, ದೂರುದಾರರು ಇಲ್ಲ. ರೌಡಿ ಶೀಟ್‌ನಲ್ಲಿ ಹೆಸರಿದೆ ಅನ್ನುವ ಮಾತ್ರಕ್ಕೇ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಚುನಾವಣೆ ಹತ್ತಿರ ಬಂದಾಗ ಮುಚ್ಚಳಿಕೆಗೆ ನೋಟಿಸ್ ಕೊಡುತ್ತಾರಲ್ಲ, ಅಲ್ಲೂ ಬರೀ ನೋಟಿಸ್ ಸಾಲದು, ಬಿಎನ್‌ಎಸ್‌ಎಸ್ ಸೆಕ್ಷನ್ 136ರ ಅಡಿ ಆದೇಶ ಆಗಿರಬೇಕು. ಕಾಯ್ದೆಯಲ್ಲಿ ಸಿಆರ್‌ಪಿಸಿಯ, ಅಂದರೆ ಬಿಎನ್‌ಎಸ್‌ಎಸ್‌ಗೆ ಮುಂಚೆ ಇದ್ದ ಹಳೆಯ ಸಂಹಿತೆಯ, ಸೆಕ್ಷನ್ 117 ಅಂತ ಇದೆ. 2024ರ ಜುಲೈ 1ರಿಂದ ಹೊಸ ಸಂಖ್ಯೆ ಹಾಕಿ ಓದಿಕೊಳ್ಳಿ.

ಪ್ರತಿಭಟನೆಗೆ ಹೋದವರಿಗೆ ಇನ್ನೊಂದು ವಿಷಯ. ನಿಷೇಧಾಜ್ಞೆ ಮುರಿದದ್ದಕ್ಕೆ ಅಥವಾ ಮುಂಜಾಗ್ರತೆಯಾಗಿ ಸಿಆರ್‌ಪಿಸಿ ಸೆಕ್ಷನ್ 151ರಲ್ಲಿ, ಅಂದರೆ ಈಗಿನ ಬಿಎನ್‌ಎಸ್‌ಎಸ್ 170ರಲ್ಲಿ, ವ್ಯಾನಿಗೆ ಹತ್ತಿಸಿದ್ದರೆ, ಬೇರೆ ಅಪರಾಧದ ಆರೋಪವಿಲ್ಲದೆ ಅಳತೆ ತೆಗೆಯಬಾರದು ಅಂತ 2022ರ ನಿಯಮಗಳೇ ಹೇಳುತ್ತವೆ. ಸಂಜೆ ಬಿಟ್ಟು ಕಳಿಸುವ ಮುಂಚೆ ಎಲ್ಲರ ಬೆರಳಚ್ಚು ಕೇಳಿದರೆ ಈ ನಿಯಮವನ್ನು ನೆನಪಿಸಿ.

ಹಂತ 2: ಒಲ್ಲೆ ಅನ್ನಬಹುದೋ ಇಲ್ಲವೋ ಲೆಕ್ಕ ಹಾಕಿ

ಬಂಧಿತರಿಗೆ 2022ರ ಕಾಯ್ದೆಯ ಸೆಕ್ಷನ್ 3ರ ಪರಂತುಕದಲ್ಲಿ, ಅಂದರೆ "ಆದರೆ" ಅಂತ ಸೇರಿಸಿದ ಷರತ್ತಿನಲ್ಲಿ, ಒಂದು ರಕ್ಷಣೆ ಇದೆ. ಆರೋಪ ಮಹಿಳೆ ಅಥವಾ ಮಗುವಿನ ಮೇಲಿನ ಅಪರಾಧದ್ದಲ್ಲ, 7 ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆಯ ಅಪರಾಧವೂ ಅಲ್ಲ ಅನ್ನುವುದಾದರೆ, ಈ ಸೆಕ್ಷನ್ ಅಡಿ ಜೈವಿಕ ಸ್ಯಾಂಪಲ್ ಕೊಡುವ ಬಾಧ್ಯತೆ ಅವರಿಗೆ ಇಲ್ಲ. ಬೆರಳಚ್ಚು, ಫೋಟೊ ಕೊಡಲೇಬೇಕು. ರಕ್ತ, ಎಂಜಲು ಬೇಡ ಅನ್ನಬಹುದು.

ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 3 ವರ್ಷ. ಅಲ್ಲಿ ಒಲ್ಲೆ ಅನ್ನಲು ಯಾವ ಗೊಂದಲವೂ ಇಲ್ಲ. ಕೊಲೆ ಆರೋಪವಾದರೆ ಆ ಮಾತೇ ಇಲ್ಲ. ತಲೆನೋವು ಇರುವುದು ನಡುವಿನ ಕೇಸುಗಳಲ್ಲಿ. ಭಾರತೀಯ ನ್ಯಾಯ ಸಂಹಿತೆಯ 318(4)ರ ವಂಚನೆಗೆ "7 ವರ್ಷದವರೆಗೆ" ಶಿಕ್ಷೆ. ಕನಿಷ್ಠ ಇಷ್ಟು ಅಂತ ಇಲ್ಲ. ಇದು "7 ವರ್ಷಕ್ಕೆ ಕಡಿಮೆ ಇಲ್ಲದ" ಅಪರಾಧವೇ? ಪೊಲೀಸರು ಹೌದು ಅನ್ನುತ್ತಾರೆ. ಆದರೆ ಜಾಮೀನಿಗೆ ಸಂಬಂಧಿಸಿದ ರಾಕೇಶ್ ಕುಮಾರ್ ಪಾಲ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ, "10 ವರ್ಷಕ್ಕೆ ಕಡಿಮೆ ಇಲ್ಲದ" ಅಂದರೆ ಕನಿಷ್ಠ ಶಿಕ್ಷೆಯೇ 10 ವರ್ಷ ಇರಬೇಕು ಅಂತ ಹೇಳಿದೆ. ಅದೇ ತರ್ಕವನ್ನು ಇಲ್ಲಿಗೆ ತಂದು ವಾದಿಸಲು ಜಾಗ ಇದೆ. ಇದನ್ನು ವಕೀಲರ ಕಿವಿಗೆ ಹಾಕಿ. ಠಾಣೆಯಲ್ಲಿ ನೀವೇ ವಾದಕ್ಕೆ ಇಳಿಯಬೇಡಿ.

ಒಲ್ಲೆ ಅನ್ನುವ ರೀತಿ ಮುಖ್ಯ. ಬಾಯಲ್ಲಿ ಜಗಳ ಬೇಡ, ಕೈ ಕಾಲು ಆಡಿಸುವುದಂತೂ ಬೇಡವೇ ಬೇಡ. ಬಾಧ್ಯತೆ ಇರುವಾಗ ಅಡ್ಡಿಪಡಿಸಿದರೆ ಅದೇ ಪ್ರತ್ಯೇಕ ಅಪರಾಧ. ಈಗಿನ ನ್ಯಾಯ ಸಂಹಿತೆಯ ಸೆಕ್ಷನ್ 221ರಲ್ಲಿ 3 ತಿಂಗಳವರೆಗೆ ಜೈಲು ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಒಂದು ಹಾಳೆ ಕೇಳಿ ಹೀಗೆ ಬರೆಯಿರಿ:

"ನನ್ನ ಮೇಲಿನ ಆರೋಪ 2022ರ ಕಾಯ್ದೆಯ ಸೆಕ್ಷನ್ 3ರ ಪರಂತುಕದ ರಕ್ಷಣೆಗೆ ಒಳಪಡುತ್ತದೆ. ಆದ್ದರಿಂದ ಜೈವಿಕ ಸ್ಯಾಂಪಲ್ ಕೊಡಲು ನನ್ನ ಒಪ್ಪಿಗೆ ಇಲ್ಲ. ಬೆರಳಚ್ಚು ಮತ್ತು ಫೋಟೊಗೆ ಸಹಕರಿಸುತ್ತೇನೆ. ಸಕ್ಷಮ ನ್ಯಾಯಾಲಯದ ಆದೇಶವಿದ್ದರೆ ಪಾಲಿಸುತ್ತೇನೆ."

ಹಾಳೆ ತೆಗೆದುಕೊಳ್ಳದಿದ್ದರೆ, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಿದಾಗ ಬಾಯಿಬಿಟ್ಟು ಹೇಳಿ, ದಾಖಲಿಸಿಕೊಳ್ಳಲು ಕೇಳಿ. ಪೊಲೀಸ್ ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿಯಾಗುವ ಹಕ್ಕು ಬಿಎನ್‌ಎಸ್‌ಎಸ್ ಸೆಕ್ಷನ್ 38ರಲ್ಲಿದೆ. ಕಸ್ಟಡಿಯಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಮನೆಯವರು ಮೊದಲು ಮಾಡಬೇಕಾದ ಫೋನ್ ಇದು.

ಈ ರಕ್ಷಣೆಗೆ ಒಂದು ತೂತು ಇದೆ. ಪರಂತುಕ ಇರುವುದು "ಈ ಸೆಕ್ಷನ್ ಅಡಿ" ಮಾತ್ರ. ಪೊಲೀಸರು ಬಿಎನ್‌ಎಸ್‌ಎಸ್ 51ಕ್ಕೆ ತಿರುಗಿ ಆಸ್ಪತ್ರೆಗೆ ಕರೆದೊಯ್ಯಬಹುದು, ಇಲ್ಲವೇ ಮ್ಯಾಜಿಸ್ಟ್ರೇಟ್ ಆದೇಶ ತರಬಹುದು. ಹಾಗಿದ್ದರೂ ಬರೆದು ಕೊಡಿ. ಅವರು ಆಗ ಕಾರಣ ತೋರಿಸಬೇಕಾಗುತ್ತದೆ, ಆ ಕಾರಣ ಕಾಗದದ ಮೇಲೆ ಉಳಿಯುತ್ತದೆ.

"ನನ್ನ ವಿರುದ್ಧ ನಾನೇ ಸಾಕ್ಷಿ ಹೇಳುವಂತಿಲ್ಲ" ಅನ್ನುವ 20(3)ನೇ ವಿಧಿ ಇಲ್ಲಿ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಕಾಥಿ ಕಾಲು ಓಘಡ್ ಪ್ರಕರಣದಲ್ಲಿ 1961ರಲ್ಲೇ 11 ನ್ಯಾಯಮೂರ್ತಿಗಳ ಪೀಠ ಬೆರಳಚ್ಚು, ಕೈಬರಹ ಕೊಡುವುದು ಸಾಕ್ಷಿ ಹೇಳಿದಂತೆ ಅಲ್ಲ ಅಂದುಬಿಟ್ಟಿದೆ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, 2010ರಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮಾಡಬಾರದು ಅಂತಾಯಿತು. ಆದರೆ ದೇಹದ ಸ್ಯಾಂಪಲ್‌ಗೆ ಆ ರಕ್ಷಣೆ ಸಿಗಲಿಲ್ಲ. ಡಿಎನ್‌ಎ ವಿಷಯದಲ್ಲಿ ಗಟ್ಟಿ ನೆಲ ಸಿಗುವುದು 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ. ಖಾಸಗಿತನ ಮೂಲಭೂತ ಹಕ್ಕು, ಅದಕ್ಕೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಹಂತ 3: ಸ್ಯಾಂಪಲ್ ತೆಗೆಯುವಾಗ ಕಣ್ಣು ತೆರೆದಿರಲಿ

ಕೊಡಲೇಬೇಕು ಅಂತಾದರೆ ಸಹಕರಿಸಿ, ಆದರೆ ನೋಡಿಕೊಂಡು ಸಹಕರಿಸಿ. 2022ರ ಕಾಯ್ದೆಯ ಅಡಿ ಅಳತೆಗೆ ಠಾಣೆಯ ಉಸ್ತುವಾರಿ ಅಧಿಕಾರಿ ಅಥವಾ ಹೆಡ್ ಕಾನ್‌ಸ್ಟೆಬಲ್‌ಗಿಂತ ಕೆಳಗಿಲ್ಲದವರು ಜವಾಬ್ದಾರರು. ಮಹಿಳೆಯ ವೈದ್ಯಕೀಯ ಪರೀಕ್ಷೆ ಮಹಿಳಾ ವೈದ್ಯರಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲೇ ಆಗಬೇಕು. ಬಂಧನದ ಬಳಿಕ ಬಿಎನ್‌ಎಸ್‌ಎಸ್ ಸೆಕ್ಷನ್ 53ರ ಅಡಿ ನಡೆಯುವ ವೈದ್ಯಕೀಯ ತಪಾಸಣೆಯ ವರದಿಯ ಪ್ರತಿ ನಿಮಗೆ ಸಿಗಬೇಕು, ಕೇಳಿ ಪಡೆಯಿರಿ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕಟ್ಟವೆಳ್ಳೈ ಎಂಬ ತಮಿಳುನಾಡಿನ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದವರನ್ನು ಖುಲಾಸೆ ಮಾಡಿತು. ಡಿಎನ್‌ಎ ಸ್ಯಾಂಪಲ್ ನಿರ್ವಹಣೆಯಲ್ಲಿನ ಲೋಪಗಳನ್ನು ಅದು ಎತ್ತಿ ತೋರಿಸಿ, ದೇಶಕ್ಕೆಲ್ಲ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿತು. ಪೊಟ್ಟಣದ ಮೇಲೆ ಎಫ್‌ಐಆರ್ ಸಂಖ್ಯೆ, ದಿನಾಂಕ, ಸೆಕ್ಷನ್, ತನಿಖಾಧಿಕಾರಿ ಮತ್ತು ಠಾಣೆಯ ವಿವರ, ಕ್ರಮಸಂಖ್ಯೆ ಇರಬೇಕು. ಸ್ಯಾಂಪಲ್ ತೆಗೆದ ಬಗ್ಗೆ ಬರೆಯುವ ದಾಖಲೆಯಲ್ಲಿ ವೈದ್ಯರು, ತನಿಖಾಧಿಕಾರಿ, ಪಂಚರ ಸಹಿ ಮತ್ತು ಹುದ್ದೆ ಇರಬೇಕು. 48 ಗಂಟೆಯೊಳಗೆ ಲ್ಯಾಬ್ ತಲುಪಬೇಕು. ವಿಚಾರಣೆ ಬಾಕಿ ಇರುವಾಗ ಕೋರ್ಟಿನ ಅನುಮತಿ ಇಲ್ಲದೆ ಪೊಟ್ಟಣ ಬಿಚ್ಚುವಂತಿಲ್ಲ. ಸ್ಯಾಂಪಲ್ ತೆಗೆದಲ್ಲಿಂದ ಶಿಕ್ಷೆ ಅಥವಾ ಖುಲಾಸೆಯವರೆಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಒಂದು ರಿಜಿಸ್ಟರ್ ಇಡಬೇಕು. ಆ ರಿಜಿಸ್ಟರ್ ಕೋರ್ಟಿನ ಕಡತ ಸೇರಬೇಕು.

ಇದು ಆರೋಪ ಸಾಬೀತು ಮಾಡುವ, ಅಲ್ಲಗಳೆಯುವ ಮಟ್ಟಿಗಷ್ಟೇ ಅಂದುಕೊಳ್ಳಬೇಡಿ. ನಾಳೆ ದಾಖಲೆ ನಾಶ ಮಾಡಿಸಲು ಹೋದಾಗ "ನಿಮ್ಮ ಸ್ಯಾಂಪಲ್ ಎಲ್ಲಿದೆಯೋ ಗೊತ್ತಿಲ್ಲ" ಅನ್ನುವ ಉತ್ತರ ಬಂದರೆ, ಈ ರಿಜಿಸ್ಟರ್ ಇರಲೇಬೇಕಿತ್ತು ಅಂತ ಹೇಳಲು ಸುಪ್ರೀಂ ಕೋರ್ಟಿನ ಮಾತೇ ನಿಮ್ಮ ಬೆನ್ನಿಗಿದೆ.

ಹೊರಗೆ ಬಂದ ಕೂಡಲೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ದಿನ, ಹೊತ್ತು, ಜಾಗ, ಏನೇನು ತೆಗೆದರು, ಯಾರಿದ್ದರು, ಯಾವ ಕಾಗದಕ್ಕೆ ಸಹಿ ಹಾಕಿದಿರಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಮಹಜರಿನಲ್ಲಿ "ಸ್ವಇಚ್ಛೆಯಿಂದ ಕೊಟ್ಟಿದ್ದಾರೆ" ಅಂತ ಇದ್ದು ಅದು ನಿಜವಲ್ಲದಿದ್ದರೆ, ಸಹಿಯ ಪಕ್ಕದಲ್ಲೇ "ಸೂಚನೆ ಮೇರೆಗೆ ಕೊಟ್ಟಿದ್ದೇನೆ" ಅಂತ ಸೇರಿಸಿ.

ಆರೋಪಿಯಲ್ಲದವರು ಸ್ಯಾಂಪಲ್ ಕೊಡುವಾಗ

ಪಕ್ಕದ ಮನೆಯಲ್ಲಿ ಕೊಲೆಯಾಗಿದೆ. ಆ ಮನೆಗೆ ನೀವು ಹೋಗಿ ಬರುತ್ತಿದ್ದಿರಿ. "ನಿಮ್ಮದನ್ನು ಬೇರ್ಪಡಿಸಲು" ಸ್ಯಾಂಪಲ್ ಕೊಡಿ ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಕೊಡುವುದೂ ಒಳ್ಳೆಯ ಕೆಲಸವೇ. ಆದರೆ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದಿದ್ದರೆ ಇದು ನಿಮ್ಮ ಇಚ್ಛೆಗೆ ಬಿಟ್ಟದ್ದು. ಒಪ್ಪಿಗೆಗೆ ಗಡಿ ಹಾಕುವುದೂ ನಿಮ್ಮ ಕೈಯಲ್ಲೇ ಇದೆ.

ಒಪ್ಪಿಗೆ ಪತ್ರದಲ್ಲಿ ಮೂರು ಮಾತು ಬರಲಿ: ಇದು ಇಂಥ ಅಪರಾಧ ಸಂಖ್ಯೆಯ ತನಿಖೆಗೆ ಮಾತ್ರ; ಬೇರೆ ಯಾವ ದತ್ತಾಂಶ ಸಂಗ್ರಹಕ್ಕೂ ಸೇರಿಸಬಾರದು; ಹೋಲಿಕೆ ಮುಗಿದ ಮೇಲೆ ಸ್ಯಾಂಪಲ್ ಮತ್ತು ಪ್ರೊಫೈಲ್ ಎರಡನ್ನೂ ನಾಶ ಮಾಡಿ ಲಿಖಿತವಾಗಿ ತಿಳಿಸಬೇಕು. ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಇಂಥ ಷರತ್ತಿನ ಬಗ್ಗೆ 2022ರ ಕಾಯ್ದೆಯಲ್ಲಿ ಏನೂ ಇಲ್ಲ, ಹಾಗಾಗಿ ನೀವು ಬರೆದದ್ದೇ ಮುಂದೆ ನಿಮ್ಮ ಆಧಾರ.

ಅತ್ಯಾಚಾರ ಸಂತ್ರಸ್ತೆಯ ಪರೀಕ್ಷೆಗೆ ಆಕೆಯ ಒಪ್ಪಿಗೆ ಕಡ್ಡಾಯ. ಬಿಎನ್‌ಎಸ್‌ಎಸ್ ಸೆಕ್ಷನ್ 184 ನೋಡಿ. ಇಲ್ಲಿ ಯಾರೂ ಒತ್ತಾಯ ಮಾಡುವಂತಿಲ್ಲ.

ಹಂತ 4: ಕೇಸ್ ಹೇಗೆ ಮುಗಿಯುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ

2022ರ ಕಾಯ್ದೆಯ ಸೆಕ್ಷನ್ 4(2) ಪ್ರಕಾರ ನಾಶ ಕೇಳಲು ಅರ್ಹರಾಗಬೇಕಾದರೆ, ಈ ಹಿಂದೆ ಜೈಲು ಶಿಕ್ಷೆ ವಿಧಿಸಬಹುದಾದ ಯಾವ ಅಪರಾಧದಲ್ಲೂ ನೀವು ದೋಷಿಯಾಗಿರಬಾರದು. ಈ ಕೇಸಿನಲ್ಲಿ ವಿಚಾರಣೆ ಇಲ್ಲದೆ ಬಿಡುಗಡೆಯಾಗಿರಬೇಕು, ಅಥವಾ ಡಿಸ್ಚಾರ್ಜ್ (ಆರೋಪ ಹೊರಿಸುವ ಮುಂಚೆಯೇ ಕೋರ್ಟ್ ಕೈಬಿಡುವುದು) ಆಗಿರಬೇಕು, ಅಥವಾ ಖುಲಾಸೆಯಾಗಿರಬೇಕು. ಮೇಲ್ಮನವಿಯ ದಾರಿಗಳೆಲ್ಲ ಮುಗಿದಿರಬೇಕು. ಆಗ ದಾಖಲೆ ನಾಶ ಆಗಲೇಬೇಕು. ಕೋರ್ಟ್ ಅಥವಾ ಮ್ಯಾಜಿಸ್ಟ್ರೇಟ್ ಕಾರಣ ಬರೆದು ಬೇಡ ಅಂದರೆ ಮಾತ್ರ ಇಲ್ಲ.

ಜನ ಇಲ್ಲೇ ಎಡವುತ್ತಾರೆ. "ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ, ಇವತ್ತೇ ಮುಗಿಯುತ್ತೆ" ಅನ್ನುವ ಸಲಹೆ ಕೋರ್ಟ್ ಆವರಣದಲ್ಲಿ ಧಾರಾಳವಾಗಿ ಸಿಗುತ್ತದೆ. ಅಲೆದಾಟ ತಪ್ಪುತ್ತದೆ ನಿಜ. ಆದರೆ ಅದು ಶಿಕ್ಷೆಯೇ. 500 ರೂಪಾಯಿ ದಂಡ ಕಟ್ಟಿ ಬಂದವರ ದಾಖಲೆಯೂ 75 ವರ್ಷ ಉಳಿಯುತ್ತದೆ. ಅಷ್ಟೇ ಅಲ್ಲ, ಆ ಅಪರಾಧಕ್ಕೆ ಜೈಲಿಗೂ ಅವಕಾಶ ಇದ್ದರೆ, ಮುಂದೆ ಸುಳ್ಳು ಕೇಸೊಂದರಲ್ಲಿ ಖುಲಾಸೆಯಾದರೂ "ಹಿಂದೆ ಶಿಕ್ಷೆಯಾಗಿದೆ" ಅಂತ ಈ ಬಾಗಿಲು ಮುಚ್ಚುತ್ತದೆ. ಅದಕ್ಕೆ ಹೋಲಿಸಿದರೆ ರಾಜಿ ವಾಸಿ. ಕಾನೂನು ರಾಜಿಗೆ ಬಿಟ್ಟಿರುವ ಅಪರಾಧಗಳಲ್ಲಿ ರಾಜಿ ದಾಖಲಾದರೆ ಅದಕ್ಕೆ ಖುಲಾಸೆಯದೇ ಪರಿಣಾಮ.

ಪೊಲೀಸರೇ ಬಿ ರಿಪೋರ್ಟ್ (ಆರೋಪ ಹೊರಿಸುವಂತಿಲ್ಲ ಅಂತ ತನಿಖೆ ಮುಗಿಸುವ ವರದಿ) ಹಾಕಿ, ಕೋರ್ಟ್ ಒಪ್ಪಿಕೊಂಡರೆ ಅದು ವಿಚಾರಣೆ ಇಲ್ಲದ ಬಿಡುಗಡೆ. ಬಿ ರಿಪೋರ್ಟ್ ಹಾಕಿದರು ಅನ್ನುವುದು ಸಾಲದು, ಒಪ್ಪಿಕೊಂಡ ಆದೇಶ ಬೇಕು. ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿದ್ದರೆ ಆ ಪದ ಸೆಕ್ಷನ್‌ನಲ್ಲಿ ನೇರವಾಗಿ ಇಲ್ಲ. ಆದರೂ ವಿಚಾರಣೆ ನಡೆದಿಲ್ಲವಲ್ಲ, ಅದೇ ಗುಂಪಿನಲ್ಲಿ ಸೇರಿಸಿ ಕೇಳಿ. ಇನ್ನೂ ಒಳ್ಳೆಯದು, ರದ್ದತಿ ಅರ್ಜಿಯಲ್ಲೇ ಅಳತೆಗಳ ನಾಶಕ್ಕೂ ಒಂದು ಪ್ರಾರ್ಥನೆ ಸೇರಿಸಿಬಿಡಿ.

ತೀರ್ಪಿನ ದಿನ ಸಮೀಪಿಸಿದಾಗಲೂ ಇದೇ ಉಪಾಯ. ಖುಲಾಸೆಯಾದಲ್ಲಿ ಸೆಕ್ಷನ್ 4(2)ರಂತೆ ದಾಖಲೆ ನಾಶಕ್ಕೆ ಸೂಚಿಸಬೇಕು ಅಂತ ವಕೀಲರಿಂದ ಒಂದು ಪುಟದ ಮೆಮೊ ಹಾಕಿಸಿ. ತೀರ್ಪಿನಲ್ಲಿ ಒಂದೇ ಒಂದು ಸಾಲು ಬಂದರೂ ಮುಂದಿನ ಅಲೆದಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಆರೋಪಿ ಮಗುವಾಗಿದ್ದರೆ ಬಾಲನ್ಯಾಯ ಕಾಯ್ದೆ, 2015ರ ಸೆಕ್ಷನ್ 24 ಇದೆ. ಮೇಲ್ಮನವಿ ಅವಧಿ ಮುಗಿದ ಮೇಲೆ ದಾಖಲೆ ನಾಶಕ್ಕೆ ಬಾಲನ್ಯಾಯ ಮಂಡಳಿಯೇ ಪೊಲೀಸರಿಗೆ ಸೂಚಿಸಬೇಕು. 16 ದಾಟಿ ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಗಾದವರಿಗೆ ಮಾತ್ರ ಅಪವಾದ.

ಹಂತ 5: ಕಾಗದ ಕೂಡಿಸಿ, ಅರ್ಜಿ ಹಾಕಿ

ತೀರ್ಪಿನ ಅಥವಾ ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಖುಲಾಸೆ ವಿರುದ್ಧ ಸರ್ಕಾರ ಹೈಕೋರ್ಟಿಗೆ ಹೋಗಲು ಸಾಮಾನ್ಯವಾಗಿ 90 ದಿನದ ಅವಧಿ ಇದೆ. ತಡವಾದರೂ ಮನ್ನಿಸಿ ತೆಗೆದುಕೊಳ್ಳುವುದುಂಟು, ಹಾಗಾಗಿ ಒಂದಿಷ್ಟು ದಿನ ಹೆಚ್ಚು ಕಾಯುವುದು ಒಳ್ಳೆಯದು. ಬಳಿಕ ಹೈಕೋರ್ಟಿನ ಜಾಲತಾಣದಲ್ಲಿ ಹೆಸರು ಮತ್ತು ಕೇಸ್ ಸಂಖ್ಯೆ ಹಾಕಿ ಹುಡುಕಿ. ಮೇಲ್ಮನವಿ ಇಲ್ಲ ಅಂತ ಕಂಡರೆ ಅದರ ಪ್ರಿಂಟ್ ತೆಗೆಯಿರಿ. ಹಿಂದೆ ಶಿಕ್ಷೆಯಾಗಿಲ್ಲ ಅಂತ ಒಂದು ಅಫಿಡವಿಟ್ ಮಾಡಿಸಿ.

ಅರ್ಜಿ ಯಾರಿಗೆ? ರಾಜ್ಯ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ. ನಿಮ್ಮ ದಾಖಲೆ ಬೇರೆ ಕ್ರಿಮಿನಲ್ ಕೇಸಿಗೆ ಕೊಂಡಿಯಾಗಿಲ್ಲ ಅಂತ ಅವರು ಪರಿಶೀಲಿಸಿ, ನಾಶ ಮಾಡಲು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ ಶಿಫಾರಸು ಮಾಡುತ್ತಾರೆ. ದಾಖಲೆಗಳನ್ನು ಇಡುವುದೂ ಅಳಿಸುವುದೂ ಆ ಬ್ಯೂರೋ ಕೆಲಸ. ನೋಡಲ್ ಅಧಿಕಾರಿ ಯಾರು ಅಂತ ಠಾಣೆಯಲ್ಲಿ ಕೇಳಿದರೆ ಮುಖ ಮುಖ ನೋಡಿಕೊಳ್ಳಬಹುದು. ಎಸ್‌ಪಿ ಅಥವಾ ಕಮಿಷನರ್ ಕಚೇರಿಯಲ್ಲಿ ಕೇಳಿ. ಅಲ್ಲೂ ಗೊತ್ತಾಗದಿದ್ದರೆ "ನೋಡಲ್ ಅಧಿಕಾರಿ, ಎಸ್‌ಪಿಯವರ ಮೂಲಕ" ಅಂತ ಬರೆದು ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಒಂದೊಂದು ಪ್ರತಿ ತನಿಖೆ ಮಾಡಿದ ಠಾಣೆಗೆ, ಬ್ಯೂರೋಗೆ, ಸ್ಯಾಂಪಲ್ ಹೋಗಿದ್ದ ಎಫ್‌ಎಸ್‌ಎಲ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ.

ಅರ್ಜಿಯ ಒಡಲು ಇಷ್ಟಿದ್ದರೆ ಸಾಕು:

"ವಿಷಯ: 2022ರ ಕ್ರಿಮಿನಲ್ ಪ್ರೊಸೀಜರ್ ಐಡೆಂಟಿಫಿಕೇಶನ್ ಕಾಯ್ದೆಯ ಸೆಕ್ಷನ್ 4(2)ರ ಪರಂತುಕದಂತೆ ಅಳತೆಗಳ ದಾಖಲೆ ನಾಶ ಕೋರಿ.

ಇಂಥ ಠಾಣೆಯ ಅಪರಾಧ ಸಂಖ್ಯೆ ಇಂತಿಷ್ಟರಲ್ಲಿ ಇಂಥ ದಿನ ನನ್ನ ಬೆರಳಚ್ಚು, ಫೋಟೊ ಮತ್ತು ರಕ್ತದ ಸ್ಯಾಂಪಲ್ ಪಡೆಯಲಾಗಿದೆ. ಸದರಿ ಪ್ರಕರಣದಲ್ಲಿ ಇಂಥ ನ್ಯಾಯಾಲಯ ಇಂಥ ದಿನ ನನ್ನನ್ನು ಖುಲಾಸೆ ಮಾಡಿದೆ. ಮೇಲ್ಮನವಿ ಬಾಕಿ ಇಲ್ಲ. ದಾಖಲೆ ಉಳಿಸಿಕೊಳ್ಳಲು ನ್ಯಾಯಾಲಯ ಸೂಚಿಸಿಲ್ಲ. ನನಗೆ ಹಿಂದೆ ಶಿಕ್ಷೆಯಾಗಿಲ್ಲ. ಆದ್ದರಿಂದ ನನ್ನ ಎಲ್ಲ ಅಳತೆಗಳ ದಾಖಲೆ, ಡಿಎನ್‌ಎ ಪ್ರೊಫೈಲ್, ಉಳಿದಿರುವ ಜೈವಿಕ ಸ್ಯಾಂಪಲ್ ಹಾಗೂ ಇವುಗಳನ್ನು ಹಂಚಿಕೊಂಡಿರುವ ಇತರ ಸಂಸ್ಥೆಗಳಲ್ಲಿನ ಪ್ರತಿಗಳನ್ನು ನಾಶ ಮಾಡಿ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಹಂಚಿಕೊಂಡ ಪ್ರತಿಗಳ ಮಾತು ಬಿಡಬೇಡಿ. ಬ್ಯೂರೋ ಈ ದಾಖಲೆಗಳನ್ನು ಬೇರೆ ತನಿಖಾ ಸಂಸ್ಥೆಗಳಿಗೆ ಕೊಡಬಹುದು ಅಂತ ಸೆಕ್ಷನ್ 4ರಲ್ಲೇ ಇದೆ.

ಹಂತ 6: ಉತ್ತರ ಬರದಿದ್ದರೆ

ಒಂದು ತಿಂಗಳು ನೋಡಿ, ನೆನಪೋಲೆ ಕಳಿಸಿ. ಆಮೇಲೆ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಲಿ. "ನನ್ನ ಡಿಎನ್‌ಎ ವಿವರ ಕೊಡಿ" ಅಂತ ಕೇಳಬೇಡಿ, ತನಿಖೆಯ ನೆಪ ಹೇಳಿ ತಳ್ಳಿಹಾಕುವುದು ಸುಲಭ. ಇಂಥ ದಿನಾಂಕದ ನನ್ನ ಅರ್ಜಿ ಮೇಲೆ ಏನು ಕ್ರಮವಾಗಿದೆ, ಕಡತ ಯಾರ ಮೇಜಿನಲ್ಲಿದೆ, ಬ್ಯೂರೋಗೆ ಕಳಿಸಿದ ಶಿಫಾರಸಿನ ಪ್ರತಿ ಕೊಡಿ ಅಂತ ಕೇಳಿ. ಕಡತದ ಚಲನೆ ಕೇಳಿದರೆ ಕಡತ ಚಲಿಸುತ್ತದೆ.

ಅದಕ್ಕೂ ಜಗ್ಗದಿದ್ದರೆ ಹೈಕೋರ್ಟ್. 226ನೇ ವಿಧಿಯಡಿ ರಿಟ್ ಹಾಕಿ, ಕಾನೂನು ಹೇಳಿದ ಕರ್ತವ್ಯ ಮಾಡಿಸಿ ಅಂತ ಕೇಳಬೇಕು. ಬೆಂಗಳೂರು, ಧಾರವಾಡ, ಕಲಬುರಗಿ ಯಾವುದು ನಿಮ್ಮ ವ್ಯಾಪ್ತಿಯೋ ಅಲ್ಲಿ. ಕಾಯ್ದೆ "ನಾಶ ಮಾಡತಕ್ಕದ್ದು" ಅನ್ನುವುದರಿಂದ ಅಧಿಕಾರಿಗೆ ಇಲ್ಲಿ ಇಷ್ಟಾನಿಷ್ಟದ ಮಾತಿಲ್ಲ. ನಿಮ್ಮ ಬಳಿ ಸೀಲು ಬಿದ್ದ ಅರ್ಜಿ, ನೆನಪೋಲೆ, ಮಾಹಿತಿ ಹಕ್ಕಿನ ಉತ್ತರ ಇದ್ದರೆ ಇದು ಸಣ್ಣ ರಿಟ್. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇದಕ್ಕೂ ಉಚಿತ ಕಾನೂನು ನೆರವು ಇದೆ.

ವಾದಕ್ಕೆ ಪುಟ್ಟಸ್ವಾಮಿ ಜೊತೆಗೆ ಹೊರಗಿನ ತೀರ್ಪೊಂದನ್ನೂ ವಕೀಲರಿಗೆ ಕೊಡಿ. 2008ರ ಡಿಸೆಂಬರ್ 4ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಎಸ್ ಮತ್ತು ಮಾರ್ಪರ್ ಪ್ರಕರಣದಲ್ಲಿ ಬ್ರಿಟನ್ ವಿರುದ್ಧ ತೀರ್ಪು ಕೊಟ್ಟಿತು. ಎಸ್ ಬಂಧನವಾದಾಗ 11 ವರ್ಷದ ಹುಡುಗ, ದರೋಡೆ ಯತ್ನದ ಆರೋಪದಿಂದ ಖುಲಾಸೆಯಾದವನು. ಮಾರ್ಪರ್ ಮೇಲಿನ ಕೇಸ್ ಕೈಬಿಡಲಾಗಿತ್ತು. ಇಬ್ಬರ ಬೆರಳಚ್ಚು ಮತ್ತು ಡಿಎನ್‌ಎ ಅಳಿಸಲು ಪೊಲೀಸರು ಒಪ್ಪಿರಲಿಲ್ಲ. 17 ನ್ಯಾಯಾಧೀಶರೂ ಒಮ್ಮತದಿಂದ ಖಾಸಗಿ ಬದುಕಿನ ಹಕ್ಕು ಉಲ್ಲಂಘನೆಯಾಗಿದೆ ಅಂದರು. ದೋಷಿಯಲ್ಲದವರನ್ನು ದೋಷಿಯಂತೆ ಕಾಣುವ ಕಳಂಕದ ಮಾತನ್ನೂ ಎತ್ತಿದರು. ಬ್ರಿಟನ್ 2012ರಲ್ಲಿ ಕಾನೂನು ಬದಲಿಸಿತು. ಈ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕದು, ಆದರೆ ಓದಿ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಶಿಕ್ಷೆಯಾದವರಿಗೆ ಈ ಆರು ಹಂತಗಳಲ್ಲಿ ಕೊನೆಯವು ಇಲ್ಲ. 75 ವರ್ಷದ ಅವಧಿಯನ್ನೇ ಪ್ರಶ್ನಿಸುವ ಸಾಂವಿಧಾನಿಕ ವಾದ ಬೇಕು. ಅದು ಒಬ್ಬರ ಅರ್ಜಿಯಿಂದ ಆಗುವ ಕೆಲಸವಲ್ಲ.

ನಾಶವಾಯಿತು ಅಂತ ಪತ್ರ ಬಂದ ಮೇಲೆ

ಪತ್ರದಲ್ಲಿ ಯಾವ ಯಾವ ದಾಖಲೆ ಅಂತ ಬರೆದಿದೆಯೇ ನೋಡಿ. ಬೆರಳಚ್ಚಿನ ಮಾತು ಮಾತ್ರ ಇದ್ದು ಸ್ಯಾಂಪಲ್ ಬಗ್ಗೆ ಮೌನವಾಗಿದ್ದರೆ, ಎಫ್‌ಎಸ್‌ಎಲ್‌ನಿಂದ ಪ್ರತ್ಯೇಕ ಉತ್ತರ ಕೇಳಿ. ಮೂಲ ಪತ್ರವನ್ನು ತೀರ್ಪಿನ ಪ್ರತಿ ಜೊತೆಯೇ ಇಡಿ, ಒಂದು ಸ್ಕ್ಯಾನ್ ಇಮೇಲ್‌ನಲ್ಲೂ ಇರಲಿ.

ಇದರಿಂದ ಎಫ್‌ಐಆರ್ ಅಳಿಯುವುದಿಲ್ಲ. ಪೊಲೀಸ್ ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಿಮ್ಮ ಹೆಸರಿನ ಕೇಸ್ ನಮೂದು ಹಾಗೆಯೇ ಇರುತ್ತದೆ. ಪಾಸ್‌ಪೋರ್ಟ್ ಪರಿಶೀಲನೆಗೆ ಬಂದಾಗ ಅದು ಕಾಣಿಸಬಹುದು. ಆಗ ತೋರಿಸಬೇಕಾದದ್ದು ಖುಲಾಸೆ ತೀರ್ಪಿನ ದೃಢೀಕೃತ ಪ್ರತಿ. ಅದರ ಇನ್ನೊಂದು ಪ್ರತಿಗೂ ಈಗಲೇ ಅರ್ಜಿ ಹಾಕಿ ಇಟ್ಟುಕೊಳ್ಳಿ.